ಪಕ್ಕದ ಸೀಟಿನ ಕ್ಲಚ್

ಮಾರ್ಚ್ 3, ಸೋಮವಾರ. ಸಂಜೆ 6

ಮತ್ತೆ ಅದೇ ಗೋಳು. ಬೆಳಿಗ್ಗೆಯಿಂದ ಐದು ಜನಕ್ಕೆ ಪಾಠ, ಐವರ ಬಾಯಲ್ಲೂ ಒಂದೇ ರಾಗ — ಕ್ಲಚ್ ಗಟ್ಟಿ, ಒತ್ತೋಕಾಗಲ್ಲ. ಡ್ರೈವಿಂಗ್ ಸ್ಕೂಲಿನ ಗಾಡಿ. ಕಂಡವರೆಲ್ಲ ತುಳಿದರೆ ಇನ್ನೇನಾಗುತ್ತದೆ.

ಕೊನೆಯ ಪಾಠ ತಂಗಿಯದು. ಹನ್ನೊಂದು ವರ್ಷದಿಂದ ಆಸ್ಪತ್ರೆಯಲ್ಲಿ ಆಯಾ ಕೆಲಸ. ಲೈಸೆನ್ಸ್ ತಂದರೆ ಅಲ್ಲಿನ ವ್ಯಾನ್ ಓಡಿಸುವ ಕೆಲಸ ಅವಳಿಗೇ. 31ನೇ ತಾರೀಖು ಗಡುವು. ಎರಡು ಸಲ ಟೆಸ್ಟ್ ಫೇಲಾಗಿದ್ದಾಳೆ. ಎರಡೂ ಸಲ ಇಳಿಜಾರಿನ ಕೊನೆಯ ಗೆರೆಯಲ್ಲಿ ಬ್ರೇಕ್ ಒತ್ತಿದಳು, ಕ್ಲಚ್ ಪೂರ್ತಿ ಒತ್ತಲಿಲ್ಲ, ಗಾಡಿ ಆಫ್.

"ಕಾಲಲ್ಲಿ ಜೀವ ಇಲ್ವೇನೇ?" ಅಂದೆ.

"ದಿನಾ ರೋಗಿಗಳನ್ನ ಎತ್ತಿ ಕೂರಿಸೋದು ಯಾರು, ನೀನಾ?"

ಬಾಯಿಗೇನೂ ಕಡಿಮೆಯಿಲ್ಲ.

ಮಾರ್ಚ್ 6. ಮಧ್ಯಾಹ್ನ

ಮೆಕ್ಯಾನಿಕ್ ಕ್ಲಚ್ ಕೇಬಲ್ ಬದಲಾಯಿಸಿದ. ಹಳೆಯದನ್ನು ಎಳೆದು ತೋರಿಸಿದ — ಚೆನ್ನಾಗಿಯೇ ಇತ್ತು. ನಾನೇ ಓಡಿಸಿ ನೋಡಿದೆ. ಬೆಣ್ಣೆಯ ಹಾಗೆ ಇಳಿಯಿತು. ಸದ್ಯ, ಪೀಡೆ ಕಳೆಯಿತು.

ಅದೇ ದಿನ. ಸಂಜೆ

ಕಳೆಯಲಿಲ್ಲ. ತಂಗಿ ಕೂತಳು, ಮತ್ತೆ ಗಟ್ಟಿ. ಮುಖ ಕೆಂಪಗಾಗುವ ತನಕ ಒತ್ತಿದಳು. ಬೈದೆ. ಅವಳು ಮತ್ತೆ ಕೀ ತಿರುಗಿಸಿದಳು, ಅಷ್ಟೇ. ಅದೇ ಜಾಸ್ತಿ ಚುಚ್ಚಿತು.

ಮಾರ್ಚ್ 8

ಕ್ಲಚ್ ಪ್ಲೇಟೂ ಬದಲಾಯಿತು. ಪೆಡಲಿನ ಬುಡಕ್ಕೆ ಗ್ರೀಸ್. ಪ್ರಯೋಜನವಿಲ್ಲ. ಮೆಕ್ಯಾನಿಕ್ ಒಬ್ಬನೇ ಓಡಿಸಿದರೆ ಸರಿ, ನಾನು ಓಡಿಸಿದರೆ ಸರಿ. ಕಲಿಯುವವರು ಕೂತರೆ ಗಟ್ಟಿ. ಗಾಡಿಗೂ ಮುಖ ನೋಡಿ ಮಣೆ ಹಾಕುವ ಬುದ್ಧಿ ಬಂತೋ ಏನೋ. ಖರ್ಚಿನ ಲೆಕ್ಕ ನೋಡಿ ಸ್ಕೂಲಿನ ಯಜಮಾನರು ಸಿಡುಕುತ್ತಿದ್ದಾರೆ. ಇದರ ಜೊತೆಗೆ ಎಡಗಾಲಿನ ಬೂಟು ಮೇಲ್ಗಡೆ ಹರಿದಿದೆ. ಆರು ತಿಂಗಳಲ್ಲಿ ಮೂರನೆಯದು.

ಮಾರ್ಚ್ 14, ಶುಕ್ರವಾರ. ಮಧ್ಯಾಹ್ನ

ಈಗಲೇ ಬರೆದುಬಿಡುತ್ತೇನೆ.

ಮೆಕ್ಯಾನಿಕ್ ಡ್ರೈವರ್ ಸೀಟಿನಲ್ಲಿ, ನಾನು ಎಂದಿನಂತೆ ಪಕ್ಕದಲ್ಲಿ. ನನ್ನ ಕಡೆಗೂ ಒಂದು ಕ್ಲಚ್, ಒಂದು ಬ್ರೇಕ್ ಇದೆ. ನಡುವೆ ಕಬ್ಬಿಣದ ಸರಳು. ಕಲಿಯುವವರದು ಇಳಿದರೆ ನನ್ನದೂ ಇಳಿಯುತ್ತದೆ. ಅವನು ಒತ್ತಿದ. ಗಟ್ಟಿ.

"ಸ್ವಲ್ಪ ಇಳೀರಿ." ಇಳಿದೆ. ಒತ್ತಿದ. ಹಗುರ.

"ಹತ್ತಿ." ಹತ್ತಿದೆ. ಗಟ್ಟಿ.

ನಕ್ಕುಬಿಟ್ಟ. "ಗಾಡಿಗೆ ಏನೂ ಆಗಿಲ್ಲ ಮೇಷ್ಟ್ರೇ. ಕೆಳಗೆ ನೋಡಿ."

ನೋಡಿದೆ. ನನ್ನ ಎಡಗಾಲಿನ ಬೂಟು ನನ್ನ ಕ್ಲಚ್ಚಿನ ಕೆಳಗೆ ತೂರಿತ್ತು. ಪೆಡಲ್ ಕೆಳಗೆ ಬಾರದ ಹಾಗೆ ಕೆಳಗಿನಿಂದ ಎತ್ತಿ ಹಿಡಿದಿದ್ದೆ. ಯಾವಾಗ ಇಟ್ಟೆನೋ ದೇವರಾಣೆ ಗೊತ್ತಿಲ್ಲ.

ಮಾರ್ಚ್ 15. ಬೆಳಿಗ್ಗೆ 5.30

ಗೊತ್ತಿಲ್ಲ ಅಂದದ್ದು ಸುಳ್ಳು. ಹೋದ ವರ್ಷ ಸೇತುವೆಯ ಇಳಿಜಾರಿನಲ್ಲಿ ಕಲಿಯಲು ಬಂದಿದ್ದ ಟೈಲರ್ ಹುಡುಗಿ ಹೆದರಿ ಬ್ರೇಕ್ ಬದಲು ಕ್ಲಚ್ ಒತ್ತಿಬಿಟ್ಟಳು. ಎಂಜಿನ್ನಿನ ಹಿಡಿತ ತಪ್ಪಿ ಗಾಡಿ ಜಾರಿತು. ನಾನು ಬ್ರೇಕ್ ತುಳಿದದ್ದು ತಡವಾಯಿತು. ಮುಂದೆ ನಿಂತ ಬಸ್ಸಿಗೆ ಗುದ್ದಿತು. ಅವಳ ಬಲಗೈ ಇವತ್ತಿಗೂ ಕತ್ತರಿ ಹಿಡಿಯುವುದಿಲ್ಲ.

ಅಂದಿನಿಂದಲೇ ಇರಬೇಕು, ಕ್ಲಚ್ ಯಾರೂ ಒತ್ತಕೂಡದು ಅಂತ ಈ ಕಾಲು ಕಾವಲಿಗೆ ಕೂತದ್ದು. ನನ್ನನ್ನು ಒಂದು ಮಾತೂ ಕೇಳದೆ.

ಅಂದರೆ ಟೆಸ್ಟಿನಲ್ಲೂ ಪಕ್ಕದಲ್ಲೇ ಕೂತು ತಂಗಿಯನ್ನು ಎರಡು ಸಲ ಫೇಲು ಮಾಡಿದವನು ನಾನು. ಬೈದವನೂ ನಾನೇ.

ಮಾರ್ಚ್ 19

ತಂಗಿಗೆ ಹೇಳಬೇಕು. ನಾಲಿಗೆ ತುದಿಗೆ ಬರುತ್ತದೆ, ಗೇರ್ ಬದಲಿಸು ಅಂದುಬಿಡುತ್ತೇನೆ. ಯಾವ ಮುಖ ಇಟ್ಟುಕೊಂಡು ಹೇಳಲಿ.

ಸಮತಟ್ಟು ರಸ್ತೆಯಲ್ಲಿ ಕಾಲು ನಾನು ಹೇಳಿದ ಮಾತು ಕೇಳುತ್ತದೆ. ಇಳಿಜಾರು ಕಂಡ ಕೂಡಲೇ ಕೇಳುವುದಿಲ್ಲ. ಬಗ್ಗಿ ನೋಡಿದರೆ ಕಾಲು ಅಲ್ಲೇ.

ಮಾರ್ಚ್ 24, ಸೋಮವಾರ

ಯಜಮಾನರ ಹತ್ತಿರ ಹೋದೆ. ಶುಕ್ರವಾರ ತಂಗಿಯ ಟೆಸ್ಟಿಗೆ ನನ್ನ ಬದಲು ಬೇರೆಯವರನ್ನು ಕೂರಿಸಿ ಅಂದೆ.

"ಬೇರೆಯವ್ರು ಎಲ್ಲಿದ್ದಾರೆ? ಇರೋದು ನೀವೊಬ್ರೇ. ಪಕ್ಕದಲ್ಲಿ ಮೇಷ್ಟ್ರು ಇಲ್ದಿದ್ರೆ ಗಾಡಿ ಗೇಟೊಳಗೂ ಬಿಡಲ್ಲ."

"ಟೆಸ್ಟ್ ಮುಂದಕ್ಕೆ ಹಾಕಿಸಿದ್ರೆ?"

"ಏಪ್ರಿಲ್ ಹತ್ತಕ್ಕೆ ಸಿಗುತ್ತೆ. ನಿಮ್ಮ ತಂಗಿಗೆ ಆಗುತ್ತಾ?"

ಆಗುವುದಿಲ್ಲ. ಎತ್ತ ತಿರುಗಿದರೂ ಗೋಡೆ.

ಮಾರ್ಚ್ 28, ಶುಕ್ರವಾರ. ಬೆಳಿಗ್ಗೆ 7

ಉಪಾಯ ಹೊಳೆದಿದೆ. ಬೂಟು ಬಿಚ್ಚಿ ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಡುವುದು. ಕಾಲು ಪೆಡಲಿಗೆ ಎಟುಕಿದರೆ ತಾನೇ. ಯಾರು ನಕ್ಕರೂ ನಗಲಿ.

ಅದೇ ದಿನ. ಸಂಜೆ 4

ಫೇಲ್. ವ್ಯಾನ್ ಕೆಲಸ ಹೋಯಿತು.

ಚಕ್ಕಳಮಕ್ಕಳ ಹಾಕಿಯೇ ಕೂತೆ. ಇನ್‌ಸ್ಪೆಕ್ಟರ್ ಹಿಂದಿನ ಸೀಟಿಗೆ ಬಂದವರು ಬಗ್ಗಿ ನೋಡಿದರು. "ಏನ್ರೀ, ಪಂಕ್ತಿ ಊಟಕ್ಕೆ ಬಂದಿದ್ದೀರಾ? ಕಾಲು ಕೆಳಗಿಡಿ. ಪೆಡಲ್ ಹತ್ರ ಇರ್ಬೇಕು, ರೂಲ್ಸು."

"ಸಾರ್, ಇವತ್ತೊಂದು ದಿನ…"

"ಇಡಲ್ಲ ಅಂದ್ರೆ ಟೆಸ್ಟ್ ಇಲ್ಲ."

ಇಟ್ಟೆ.

ತಂಗಿ ಎಷ್ಟು ಚೆನ್ನಾಗಿ ಓಡಿಸಿದಳು. ತಿರುವು, ರಿವರ್ಸ್, ಏರು, ಎಲ್ಲಾ ಸಲೀಸು. ಇಳಿಜಾರು ಬಂತು. ಕೆಳಗೆ ಗೆರೆ ಕಂಡಿತು. ಬ್ರೇಕಿನ ಮೇಲೆ ಕಾಲಿಟ್ಟಳು. ಆಮೇಲೆ ರಸ್ತೆಯಿಂದ ಕಣ್ಣು ತೆಗೆಯದೆ, ಇನ್‌ಸ್ಪೆಕ್ಟರಿಗೆ ಕೇಳಿಸದ ಹಾಗೆ ಅಂದಳು:

"ಅಣ್ಣ, ಕಾಲು ತೆಗಿ."

ಅವಳಿಗೆ ಗೊತ್ತಿತ್ತು. ಮೊದಲನೇ ಟೆಸ್ಟಿನಿಂದಲೂ ಗೊತ್ತಿತ್ತಂತೆ, ವಾಪಸು ಬರುವಾಗ ಹೇಳಿದಳು. ಆ ಹುಡುಗಿಯ ವಿಷಯವೂ. "ನೀನಾಗೇ ತೆಗೀತೀಯ ಅಂತ ಕಾಯ್ತಿದ್ದೆ," ಅಂದಳು. ಬೈದಿದ್ದರೆ ಚೆನ್ನಾಗಿತ್ತು.

ತೆಗೆದೆ. ಇಳಿಜಾರಿನಲ್ಲಿ ಅವಳು ಹೇಳಿದ ಕೂಡಲೇ ತೆಗೆದೆ, ಆಣೆ ಮಾಡಿ ಹೇಳಬಲ್ಲೆ. ಪೂರ್ತಿ ಹಿಂದಕ್ಕೆ ಎಳೆದುಕೊಂಡೆ ಅಂತಲೇ ನಂಬಿದ್ದೆ. ಎಂಜಿನ್ ಆಫ್ ಆಯಿತು. ಬಗ್ಗಿ ನೋಡಿದರೆ ಕಾಲು ಅಲ್ಲೇ, ಕ್ಲಚ್ಚಿನ ಕೆಳಗೆ.