ಕೊರಳಿನ ಶಿವದಾರ

ಸಿಂಧನೂರಿನ ಆಸ್ಪತ್ರೆಯಿಂದ

ಲಿಂಗಸುಗೂರಿನ ಅಯ್ಯನವರ ಪಾದಗಳಿಗೆ,

ನಾನು ಮಸ್ಕಿಯ ಬಸವಣ್ಣೆಮ್ಮ. ನನ್ನ ಮಾತಿಲ್ಲದೆ ನಮ್ಮ ಮನೆಯಲ್ಲಿ ಒಲೆ ಹೊತ್ತುವುದಿಲ್ಲವೆಂದು ನಿಮಗೆ ಗೊತ್ತು. ಕೊರಳಿನ ಲಿಂಗ ಮೈಬಿಟ್ಟು ಅಗಲಬಾರದೆಂದು ಮೊಮ್ಮಕ್ಕಳಿಗೆ ಕಲಿಸಿದವಳೂ ನಾನೇ.

ಒಂಬತ್ತನೆಯ ತರಗತಿಯ ನಮ್ಮ ಮೊಮ್ಮಗಳು ಐಶ್ವರ್ಯಳಿಗೆ ನೀವೇ ದೀಕ್ಷೆ ಕೊಟ್ಟಿದ್ದೀರಿ. ಅವಳ ಕುತ್ತಿಗೆಯ ಗಂಟು ಮಾತ್ರೆಗಳಿಗೆ ಕರಗಲಿಲ್ಲ. ಲಿಂಫೋಮಾ ಎಂಬ ಕ್ಯಾನ್ಸರ್ ಇರಬಹುದು, ಗಂಟು ತೆಗೆದು ಪರೀಕ್ಷಿಸಿದರೆ ಮಾತ್ರ ತಿಳಿಯುತ್ತದೆ ಎನ್ನುತ್ತಾರೆ ಡಾಕ್ಟರು. ಬೇಗ ಗೊತ್ತಾದರೆ ಮಕ್ಕಳಲ್ಲಿ ಬಹುಪಾಲು ವಾಸಿಯಾಗುತ್ತದಂತೆ. ಲಿಂಗ ಕಟ್ಟಿದ ಶಿವದಾರ ಸರಿಯಾಗಿ ಆ ಗಂಟಿನ ಮೇಲೆಯೇ ಹಾದುಹೋಗಿತ್ತು.

"ತೋಳಿಗೆ ಕಟ್ಟತೀನ್ರೀ" ಅಂದೆ. "ಒಳಗ ಏನೂ ಬಿಡೂದಿಲ್ರೀ ಅಮ್ಮಾ" ಅಂದಳು ನರ್ಸು.

ನಿಮಗೆ ಫೋನ್ ಮಾಡಿದೆ. ಅಮಾವಾಸ್ಯೆ ಕಳೆಯಲಿ, ನಾನೇ ಬಂದು ಬಿಚ್ಚುತ್ತೇನೆ ಎಂದಿರಿ. ನಿಮ್ಮ ಮಾತು ಮೀರಿದವರು ನಮ್ಮ ಮನೆತನದಲ್ಲಿಲ್ಲ. ಡಾಕ್ಟರು ಅಲ್ಲಿಯವರೆಗೆ ಕಾಯುವುದು ಬೇಡವೆಂದರು. ಆಸ್ಪತ್ರೆಯ ಬೆಂಚಿನ ಮೇಲೆ ಕೂರಲೂ ಆಗದೆ, ಏಳಲೂ ಆಗದೆ ಇದ್ದೆ.

ಆಗ ಐಶ್ವರ್ಯ, "ಆಯೀ, ದಿನಾ ಎಲ್ಲಾರಿಗೂ ಬೈತಿದ್ದಿ, ಇವತ್ಯಾಕ ಬಾಯಿ ಮುಚ್ಕೊಂಡು ಕುಂತಿ? ನೀನ ಬಿಚ್ಚ ಬೇ" ಅಂದಳು. ತಾನೇ ಕೊರಳು ನನ್ನ ಮುಂದೆ ಬಾಗಿಸಿದಳು.

ಮಸ್ಕಿಗೆ ಮರಳಿದ ಮೇಲೆ ನೀವು ಬಂದು ಮತ್ತೆ ಕಟ್ಟಿಕೊಡಬೇಕು. ಹೊಲಿಗೆ ಹಸಿಯಿರುತ್ತದೆ, ದಾರ ಸಡಿಲವಿರಲಿ. ಪ್ರಾಯಶ್ಚಿತ್ತ ಏನಿದ್ದರೂ ನನಗೆ ಹೇಳಿರಿ, ಅವಳ ಮುಂದೆ ಬೇಡ.

ನಾನೇ ಬಿಚ್ಚಿದೆ. ಅವಳನ್ನು ಒಳಗೆ ಕರೆದುಕೊಂಡು ಹೋಗಿದ್ದಾರೆ. ಲಿಂಗ ನನ್ನ ಎಡ ಅಂಗೈಯಲ್ಲಿದೆ. ಬಲಗೈಯಿಂದ ಇದನ್ನು ಬರೆಯುತ್ತಿದ್ದೇನೆ.

ನಿಮ್ಮ ಮಠದ ಮಗಳು,
ಬಸವಣ್ಣೆಮ್ಮ