ಅಮಿತಾಳ ಆರತಕ್ಷತೆಗೆ ಹಾಕಿದ ಬೆಳಕು

ಅಂಕೋಲಾ
ಮೇ 6, 2025, ಮಂಗಳವಾರ

ಅಮಿತಾಳ ಪಪ್ಪನಿಗೆ,

ಗೋದಾವರಿಯ ನಮಸ್ಕಾರ. ನಿಮ್ಮ ಸೊಂಟ ನೋವು ಹೇಗಿದೆ? ಹಡಗಿನ ಎಂಜಿನ್ ರೂಮಿನ ಸೆಕೆಯಲ್ಲಿ ಕೆಲಸ ಹಿಡಿದರೆ ನಿಮಗೆ ನೀರಿನ ನೆನಪೇ ಇರುವುದಿಲ್ಲ. ಬಾಟಲಿ ಕಣ್ಣಿಗೆ ಬೀಳುವಲ್ಲಿ ಇಟ್ಟುಕೊಳ್ಳಿ. ನಾನು ಇಲ್ಲಿ ಆರಾಮ ಇದ್ದೇನೆ. ಮೂರು ದಿನ ನಿಂತೇ ಇದ್ದುದರಿಂದ ಕಾಲು ಸ್ವಲ್ಪ ಬಾತಿದೆ, ಅಷ್ಟೇ. ಮಾಜಾಳಿಯ ಗಣೇಶ ಮುಂಬೈಯಲ್ಲಿ ನಿಮ್ಮದೇ ಹಡಗು ಹತ್ತುತ್ತಾನಂತೆ. ಇವತ್ತು ಸಂಜೆ ರೈಲಿಗೆ ಹೊರಡುತ್ತಾನೆ, ಅವನ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ. ಫೋನಿನಲ್ಲಿ ಹೇಳಬಹುದಿತ್ತಲ್ಲ ಎನ್ನುತ್ತೀರಿ. ಫೋನಿನಲ್ಲಿ ನಾನು ಎರಡು ಮಾತಾಡುವಷ್ಟರಲ್ಲಿ ನೀವು ನಾಲ್ಕು ಆಡುತ್ತೀರಿ, ಅಷ್ಟರಲ್ಲಿ ಸಿಗ್ನಲ್ ಹೋಗಿ ಕೊನೆಯ ಮಾತು ನಿಮ್ಮದೇ ಆಗಿ ಉಳಿಯುತ್ತದೆ. ಕಾಗದದಲ್ಲಿ ಅದು ನಡೆಯುವುದಿಲ್ಲ. ನೀವು ಸಿಂಗಾಪುರದಿಂದ ಹಾಕಿದ ಪಾರ್ಸೆಲ್ ಮದುವೆಗೆ ನಾಲ್ಕು ದಿನ ಮೊದಲೇ ಬಂತು. ಸೀರೆ, ವಾಚು, ಮುಖಕ್ಕೆ ಹಚ್ಚುವ ಕ್ರೀಮಿನ ಆರು ಡಬ್ಬಿ ಎಲ್ಲ ಸರಿಯಾಗಿ ತಲುಪಿವೆ.

ಮದುವೆ ಶುಕ್ರವಾರ ನಮ್ಮ ಅಂಗಳದ ಚಪ್ಪರದಲ್ಲೇ ಚೆನ್ನಾಗಿ ಆಯಿತು. ನಿಮ್ಮ ತಮ್ಮ ಮತ್ತು ಅವರ ಹೆಂಡತಿ ಕೂತು ಧಾರೆ ಎರೆದುಕೊಟ್ಟರು. ನೀರು ಬೀಳುವಾಗ ಹುಡುಗಿ ಬಿಕ್ಕಿ ಅತ್ತಳು, ನೀವು ಇಲ್ಲವಲ್ಲ ಎಂದು. ಅಳುತ್ತಿದ್ದ ಹಾಗೇ ಚಪ್ಪರದ ಮೂಲೆಯಲ್ಲಿ ಒಂದು ಸಾಲು ಬಲ್ಬು ಆರಿದ್ದು ಅವಳ ಕಣ್ಣಿಗೆ ಬಿದ್ದು, ಹುಬ್ಬು ಹಾರಿಸಿ ನಮ್ಮ ಅಂಗಡಿಯ ರಾಮಾನಿಗೆ ತೋರಿಸಿದಳು. ಭಟ್ಟರು ಮಂತ್ರ ಹೇಳುವುದನ್ನು ಬಿಟ್ಟು ನಕ್ಕರು. ಅಳಿಯ ವಿಕಾಸ ಒಳ್ಳೆಯವನೇ. ಕದ್ರಾದ ಪವರ್ ಹೌಸಿನಲ್ಲಿ ಕೆಲಸ, ನಿಮ್ಮ ಹಾಗೇ ಕರೆಂಟಿನವನಾದ್ದರಿಂದ ಮಾವನಿಗೂ ಅಳಿಯನಿಗೂ ಮಾತಿಗೆ ಬರವಿಲ್ಲ.

ಈಗ ಅಸಲು ವಿಷಯಕ್ಕೆ ಬರುತ್ತೇನೆ. ಮಗಳ ಆರತಕ್ಷತೆಯ ಬಗ್ಗೆ ನೀವು ನನಗೆ ಎರಡು ಅಪ್ಪಣೆ ಕೊಟ್ಟಿದ್ದಿರಿ. ಎರಡನ್ನೂ ನಾನು ಪಾಲಿಸಲಿಲ್ಲ. ಯಾರ ಬಾಯಿಂದಲೋ ಕೇಳುವುದಕ್ಕಿಂತ ನನ್ನಿಂದಲೇ ಕೇಳಿ.

ಮೊದಲನೆಯದು ನಿಮಗೆ ಗೊತ್ತಿದೆ. ಗಂಡಿನ ಮನೆಯವರು ಭಾನುವಾರಕ್ಕೆ ಕಾರವಾರದಲ್ಲಿ ಹಿಡಿದ ಹಾಲ್‌ಗೆ ವರ್ಷಗಳಿಂದ ನಮ್ಮದೇ ಲೈಟಿಂಗು. ಹಾಲ್‌ನವರು ಎಂದಿನಂತೆ ನಮಗೇ ಹೇಳಿದರು. ಬೇರೆಯವರಿಗೆ ಬಿಟ್ಟುಕೊಡು ಎಂದಿರಿ ನೀವು. "ಬೀಗರ ಕಾರ್ಯದಾಗೆ ಹೆಣ್ಣಿನ ತಾಯಿ ಹೋಗಿ ವೈರ್ ಎಳದ್ರೆ ನೋಡ್ದವ್ರು ಎಂತ ಅಂತ್ರು?" ಇದು ನಿಮ್ಮದೇ ಮಾತು. ನೀವು ಅಂಗಡಿ ನನ್ನ ಕೈಗೆ ಬಿಟ್ಟು ಹಡಗು ಹತ್ತಿ ಹನ್ನೊಂದು ವರ್ಷವಾಯಿತು. ಅಂದಿನಿಂದ ಗೋಕರ್ಣದಿಂದ ಸದಾಶಿವಗಡದ ತನಕ ಯಾರ್ಯಾರದೋ ಮಕ್ಕಳ ಮದುವೆಗೆ ನಾನು ಬೆಳಕು ಹಾಕಿದ್ದೇನೆ. ನನ್ನ ಮಗಳು ಮಾತ್ರ ಬೇರೆಯವರ ಬೆಳಕಿನಲ್ಲಿ ನಿಲ್ಲಬೇಕೇ? ಬೀಗರು ನಗುವುದಾದರೆ ನಗಲಿ ಎಂದುಕೊಂಡು ಒಪ್ಪಿಕೊಂಡೆ. ಹಾಲ್‌ನವರ ಹೊರತು ಯಾರಿಗೂ ಹೇಳಲಿಲ್ಲ.

ಹೇಳದೆ ಇದ್ದುದರಿಂದಲೇ ಮುಂದಿನದು ಆದದ್ದು. ಶನಿವಾರ ಮಧ್ಯಾಹ್ನ ಅಂಗಡಿಯ ನೆಲದ ಮೇಲೆ ಕೂತು ಸೀರಿಯಲ್ ಬಲ್ಬಿನ ಸೆಟ್ಟುಗಳ ಗಂಟು ಬಿಡಿಸುತ್ತಿದ್ದೆ. ಅಂಗಡಿಯ ನಂಬರಿಗೆ ಒಂದು ಫೋನು ಬಂತು. ವಿಕಾಸನ ಸೋದರತ್ತೆ ಸುಮಲತಾ, ವಾಸ್ಕೋದಿಂದ ಬಂದವರು, ಮನೆಯಲ್ಲಿ ಎಲ್ಲ ಅವರದ್ದೇ ಕಾರುಬಾರು. ಹಾಲ್ ಆಫೀಸಿನ ಗೋಡೆಯ ಮೇಲೆ ನಮ್ಮ ನಂಬರ್ ಇದೆಯಲ್ಲ, ಅದರ ಮುಂದೆ ಈಗಲೂ ನಿಮ್ಮ ಹೆಸರೇ ಇದೆ. ಆಕೆ ನನ್ನನ್ನು ಅಂಗಡಿಯಲ್ಲಿ ಫೋನು ಎತ್ತುವವಳು ಎಂದುಕೊಂಡರು. ಆರತಕ್ಷತೆಗೆ ಹೆಣ್ಣಿನ ಕಡೆಯವರೆಂದರೆ ಹೂ ಮುಡಿದು ಬಂದು ಊಟ ಮಾಡಿ ಹೋಗುವ ನೆಂಟರು, ಅವರೇ ಲೈಟಿನವರೂ ಆಗಿರಬಹುದು ಎಂದು ಯಾರಿಗೆ ತಾನೇ ಹೊಳೆಯುತ್ತದೆ? ದನಿ ತಗ್ಗಿಸಿ ಆಕೆ ಹೇಳಿದ್ದನ್ನು ಇದ್ದ ಹಾಗೇ ಬರೆಯುತ್ತೇನೆ. "ನೋಡಿ, ಹುಡ್ಗಿ ಬಣ್ಣ ಸ್ವಲ್ಪ ಕಮ್ಮಿ ಅದೆ. ನಮ್ಮ ಗೋವಾದವ್ರೆಲ್ಲ ಮೊದಲ್ನೇ ಸಲ ನೋಡೂದು. ಎದ್ರಿಗೆ ಬಿಳಿ ಲೈಟ್ ಜೋರಾಗಿ ಬಿಡಿ, ಬೆಳ್ಳಗೆ ಕಾಣ್ಬೇಕು. ಹುಡ್ಗಿ ಕಡೆಯವ್ರಿಗೆ ಹೇಳೂದು ಬೇಡ, ಪಾಪ, ಬೇಜಾರ್ ಮಾಡ್ಕಂತ್ರು."

ಫೋನು ಇಟ್ಟ ಮೇಲೆ, ಬಿಡಿಸಿದ ಗಂಟನ್ನೇ ಮತ್ತೆ ಸಿಕ್ಕು ಮಾಡಿಕೊಂಡೆ. ಲೈಟಿಂಗು ಬಿಟ್ಟುಕೊಟ್ಟಿಲ್ಲ ಎಂಬುದನ್ನೂ ಸೇರಿಸಿ ನಿಮಗೆ ಮೆಸೇಜು ಹಾಕಿದೆ. ನೀವು ಮಾತಾಡಿ ಕಳಿಸಿದ ಉತ್ತರವನ್ನು ಮೂರು ಸಲ ಹಾಕಿ ಕೇಳಿದೆ. ಅವರು ಹೇಳಿದ ಹಾಗೆ ಮಾಡು, ಒಂದು ಸಂಜೆಯ ಮಾತು, ಹುಡುಗಿ ಆ ಮನೆಯಲ್ಲಿ ಬಾಳಬೇಕು ಎಂದಿರಿ. ಅದು ಎರಡನೆಯ ಅಪ್ಪಣೆ. ಮಗಳ ಮೇಲಿನ ಜೀವದಿಂದಲೇ ಹೇಳಿದಿರಿ ಎಂದು ಗೊತ್ತು. ಆದರೆ ಅದು ಒಂದು ಸಂಜೆಯ ಮಾತಲ್ಲ. ಸಂಜೆ ಮುಗಿಯುತ್ತದೆ, ಫೋಟೋ ಗೋಡೆಯ ಮೇಲೆ ಕೂರುತ್ತದೆ. ಮತ್ತೆ ನಮ್ಮ ಊರಿನವರ ನ್ಯಾಯವನ್ನೂ ಸ್ವಲ್ಪ ನೋಡಿ. ಈಗ ಇಶಾಡು ಮಾವಿನ ಕಾಲ. ಸಂತೆಯಲ್ಲಿ ಎಲ್ಲರಿಗೂ ಕರಿ ಇಶಾಡೇ ಬೇಕು, ಬಿಳಿ ಇಶಾಡನ್ನು ಮೂಸಿ ನೋಡಿ ಬಿಟ್ಟು ಬರುತ್ತಾರೆ. ಮಾವಿನಹಣ್ಣು ಆರಿಸಲು ಬರುವ ಬುದ್ಧಿ ಸೊಸೆಯನ್ನು ನೋಡುವಾಗ ಎಲ್ಲಿ ಹೋಗುತ್ತದೋ.

ಬಾಳಬೇಕಾದವಳು ಅಮಿತಾ ಎಂಬುದು ಮಾತ್ರ ನಿಜ. ಅದಕ್ಕೇ ಬಿಣಗಾದ ಗಂಡನ ಮನೆಗೆ ಫೋನು ಮಾಡಿ ಅವಳನ್ನೇ ಕೇಳಿದೆ. ಹೊಸ ಮನೆ, ಸುತ್ತ ಜನ, ಅವಳು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಮಾತಾಡಿದಳು. ಪೂರಾ ಕೇಳಿ ನಲ್ಲಿ ಇನ್ನಷ್ಟು ತಿರುಗಿಸಿದಳು. ಆಮೇಲೆ, "ಆಯಿ, ನಂಗೆ ನನ್ ಮುಖ ಇದ್ದ ಹಂಗೇ ಸಾಕು. ಮುಂದಿಂದು ನಾ ನೋಡ್ಕಂತೆ" ಎಂದಳು. ಅಷ್ಟು ಸಾಕಾಯಿತು ನನಗೆ. ಆ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದೆ.

ಭಾನುವಾರ ಬೆಳಿಗ್ಗೆಯೇ ರಾಮಾನನ್ನು ಕರೆದುಕೊಂಡು ಹೋದೆ. ಅವನಿಗೂ ಅರವತ್ತಾಯಿತು, ಆದರೂ ಏಣಿ ಹತ್ತಲು ಬೇರೆಯವರನ್ನು ಬಿಡುವುದಿಲ್ಲ. ಸ್ಟೇಜಿನ ಎದುರಿಗೆ ಹಾಲ್‌ನವರು ಕಟ್ಟಿದ್ದ ನಾಲ್ಕು ದೊಡ್ಡ ಬಿಳಿ ಫ್ಲಡ್ ಲೈಟನ್ನು ಮೊದಲು ಇಳಿಸಿದೆವು. ಬಿಳಿ ಬೆಳಕು ಜೋರಾಗಿ ಬಿದ್ದರೆ ಕಪ್ಪು ಮುಖ ಬೆಳ್ಳಗಾಗುವುದಿಲ್ಲ, ಬೂದಿ ಬಳಿದ ಹಾಗಾಗುತ್ತದೆ. ಇದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಎರಡೂ ಪಕ್ಕದಲ್ಲಿ ಮುಖದ ಎತ್ತರಕ್ಕೆ ಹಳದಿ ಲೈಟು ಇಟ್ಟು, ಚುಚ್ಚದ ಹಾಗೆ ತೆಳುವಾದ ಬಟ್ಟೆ ಕಟ್ಟಿದೆ. ಹಿಂದೆ ಬಿಳಿ ಪರದೆ ಬೇಡವೆಂದು ಹೆಣೆದ ತೆಂಗಿನ ಗರಿ ನಿಲ್ಲಿಸಿ, ಅದರೊಳಗೆ ಸಣ್ಣ ಬಲ್ಬಿನ ಸರ ಬಿಟ್ಟೆ. ಬಾಗಿಲಿನಿಂದ ಸ್ಟೇಜಿನ ತನಕ ಬೆಳಕು ಕಡಿಮೆ, ಸ್ಟೇಜಿನ ಮೇಲೆ ಮಾತ್ರ ತುಂಬು ಬೆಳಕು. ಮಿನುಗುವುದು, ಬಣ್ಣ ಬದಲಾಗುವುದು ಒಂದೂ ಇಲ್ಲ. ಬೆಳಕು ಹೊಂದಿಸಲು ಯಾರಾದರೂ ಮದುಮಗಳ ಕುರ್ಚಿಯಲ್ಲಿ ಕೂರಬೇಕಲ್ಲ, ನಾನೇ ಕೂತೆ. ಅವಳ ಬಣ್ಣ ನನ್ನದೇ ತಾನೇ. ರಾಮಾ ಲೈಟು ತಿರುಗಿಸುತ್ತಾ ತಿರುಗಿಸುತ್ತಾ ನಿಂತುಬಿಟ್ಟ. "ವೈನಿ, ಇಷ್ಟು ವರ್ಷದಾಗೆ ನೀವು ಹಿಂಗೆ ಕಂಡದ್ದೇ ಇಲ್ಲ" ಎಂದ. ಬೈದು ಅವನನ್ನು ಏಣಿ ಹತ್ತಿಸಿದೆ. ಆದರೆ ಆ ಮಾತು ಇನ್ನೂ ನನ್ನ ಹತ್ತಿರವೇ ಇದೆ.

ಸಂಜೆ ಏಳಕ್ಕೆ ಅಮಿತಾ ಸ್ಟೇಜು ಹತ್ತಿದಳು. ನೀವು ಕಳಿಸಿದ ಎಲೆಹಸಿರು ಸೀರೆ ಉಟ್ಟಿದ್ದಳು. ಹೇಗೆ ಕಂಡಳು ಎಂದು ಬರೆಯಲು ನನಗೆ ಬರುವುದಿಲ್ಲ. ಕೆನ್ನೆ, ಕೊರಳು, ಕೈ ಎಲ್ಲ ಹಚ್ಚಿಟ್ಟ ದೀಪದ ಹತ್ತಿರ ಹಿತ್ತಾಳೆ ಹೊಳೆಯುವ ಹಾಗೆ ಹೊಳೆಯುತ್ತಿತ್ತು. ನಾನು ರೇಷ್ಮೆ ಸೀರೆಯಲ್ಲೇ ಸ್ಟೇಜಿನ ಹಿಂದೆ ಸ್ವಿಚ್ ಬೋರ್ಡಿನ ಹತ್ತಿರ ನಿಂತಿದ್ದೆ, ಸೊಂಟದಲ್ಲಿ ಟೆಸ್ಟರ್ ಸಿಕ್ಕಿಸಿಕೊಂಡು. ಹತ್ತು ನಿಮಿಷ ಆಗಿರಲಿಲ್ಲ, ಸುಮಲತಾ ಲೈಟಿನವನನ್ನು ಹುಡುಕಿಕೊಂಡು ಬಂದರು. ನನ್ನನ್ನು ನೋಡಿ, ನೀವು ಇಲ್ಲೇನು ಮಾಡುತ್ತಿದ್ದೀರಿ, ಹೋಗಿ ಮುಂದೆ ಕೂತುಕೊಳ್ಳಿ ಎಂದರು. ಲೈಟಿನವರು ಎಲ್ಲಿ ಎಂದು ಕೇಳಿದರು. ನಾನೇ ಎಂದೆ. ನಿನ್ನೆ ಫೋನು ಎತ್ತಿದವಳೂ ನಾನೇ ಎಂದೆ.

ಒಂದು ಗಳಿಗೆ ಆಕೆಯ ಮುಖ ನೋಡಿ ನನಗೇ ಕನಿಕರ ಬಂತು. ಆದರೆ ಆಕೆ ಸೋಲುವವರಲ್ಲ. ಹುಡುಗಿಯ ಒಳ್ಳೆಯದಕ್ಕೇ ಹೇಳಿದ್ದು, ಗೋವಾದವರು ಆಗಲೇ ಗುಸುಗುಸು ಶುರು ಮಾಡಿದ್ದಾರೆ, ಬಿಳಿ ಲೈಟು ಹಾಕಿ, ಇಲ್ಲದಿದ್ದರೆ ಈ ಮನೆಯಲ್ಲಿ ನಾಳೆ ಮಾತು ಕೇಳುವವಳು ನಿಮ್ಮ ಮಗಳೇ ಎಂದರು. ಆ ಕೊನೆಯ ಮಾತು ಎದೆಗೆ ಚುಚ್ಚಿತು, ಸುಳ್ಳು ಹೇಳುವುದಿಲ್ಲ. ನೀವು ಹೆದರಿದ್ದೂ ಅದಕ್ಕೇ. ಬಾಗಿ ಬಾಗಿ ನಡೆದ ತಾಯಿಯ ಮಗಳಿಗೆ ನಾಳೆ ಇನ್ನೂ ಹೆಚ್ಚು ಬಾಗು ಎನ್ನುತ್ತಾರೆ ಎಂದು ಆ ಹೊತ್ತಿನಲ್ಲಿ ಅನಿಸಿತು. ಮೇನ್ ಸ್ವಿಚ್ಚಿನ ಮೇಲೆ ಕೈ ಇಟ್ಟೆ. "ಬೇಕಾರೆ ಪೂರಾ ಹಾಲ್‌ದು ಲೈಟು ಬಂದ್ ಮಾಡ್ತೆ ಸುಮಲತಾ ಬಾಯಿ, ಕತ್ತಲಾಗೆ ಎಲ್ರೂ ಒಂದೇ ಬಣ್ಣ. ಆದ್ರೆ ನನ್ ಹುಡ್ಗಿ ಮುಖಕ್ಕೆ ಸುಣ್ಣ ಹೊಡೆಯೂ ಲೈಟು ನನ್ ಕೈಲಿ ಹಾಕ್ಸೂಕೆ ಆಗೂದಿಲ್ಲ." ಹೀಗೆ ಹೇಳಿದೆ. ಏರು ದನಿಯಲ್ಲಿ ಅಲ್ಲ. ಆಕೆ ನನ್ನ ಕೈ ನೋಡಿದರು, ಸ್ವಿಚ್ಚು ನೋಡಿದರು, ನಾನು ಮಾಡಿಯೇ ಮಾಡುತ್ತೇನೆ ಎಂದು ಗೊತ್ತಾಗಿರಬೇಕು, ಸೆರಗು ಎಳೆದುಕೊಂಡು ಹೋದರು.

ಆಕೆ ಸ್ಟೇಜು ಹತ್ತಿ ಫೋಟೋ ತೆಗೆಸಿಕೊಳ್ಳಲಿಲ್ಲ. ಸೋಮವಾರ ಬೆಳಿಗ್ಗೆ ಅಮಿತಾಳಿಗೆ ಹೇಳದೆಯೇ ವಾಸ್ಕೋಗೆ ಹೋದರಂತೆ. ಇದೆಲ್ಲ ಆಗಿದೆ, ಮುಚ್ಚಿಡುವುದಿಲ್ಲ. ಇನ್ನೊಂದು ಕೂಡ ಆಯಿತು. ಊಟ ಮುಗಿದು ಜನ ಕರಗಿದ ಮೇಲೆ ವಿಕಾಸನ ತಾಯಿ ವೈಜಯಂತಿ ಬಾಯಿ ನನ್ನ ಹತ್ತಿರ ಬಂದರು. ಅವರದ್ದೂ ನಮ್ಮದೇ ಬಣ್ಣ, ಆ ದಿನ ದಪ್ಪಗೆ ಪೌಡರ್ ಹಾಕಿದ್ದರು. ಲೈಟು ಇಳಿಸುವ ಮೊದಲು ನಂದೊಂದು ಫೋಟೋ ತೆಗೆಸುತ್ತೀರಾ ಎಂದು ಮೆಲ್ಲಗೆ ಕೇಳಿದರು. ಕೇಳಿ, ಸೆರಗಿನಿಂದ ಮುಖ ಗಸಗಸ ಒರೆಸಿಕೊಂಡು ಸೊಸೆಯ ಪಕ್ಕ ಹೋಗಿ ಕೂತರು. ನಿನ್ನೆ ಅಮಿತಾ ಫೋನು ಮಾಡಿದಾಗ ಮನೆಯಲ್ಲಿ ಸ್ವಲ್ಪ ಬಿಗಿ ಇದೆ ಎಂದಳು, ಆದರೆ ಅತ್ತೆ ಬೆಳಿಗ್ಗೆಯಿಂದ ಆ ಫೋಟೋವನ್ನು ಹತ್ತು ಸಲ ನೋಡಿದ್ದಾರೆ ಎಂದೂ ಹೇಳಿದಳು. ನಾನು ಮಾಡಿದ್ದು ಸರಿ. ನೀವು ಸಿಟ್ಟಾದರೂ ಸರಿಯೇ. ನಾಳೆ ಇನ್ನೊಂದು ಮದುವೆಗೆ ಇಂಥದೇ ಫೋನು ಬಂದರೂ ಇದೇ ಮಾಡುತ್ತೇನೆ, ನನ್ನ ಮಗಳೇ ಆಗಬೇಕೆಂದಿಲ್ಲ.

ಗಣೇಶನ ಚೀಲದಲ್ಲಿ ಇಶಾಡಿನ ರಸ ಕಾಯಿಸಿ ತುಂಬಿದ ಎರಡು ಬಾಟಲಿ ಇಟ್ಟಿದ್ದೇನೆ, ಕರಿ ಇಶಾಡಿನದ್ದೇ. ಒಬ್ಬರೇ ತಿನ್ನಬೇಡಿ, ಜೊತೆಯವರಿಗೂ ಕೊಡಿ. ರಾಮಾ ನಿಮ್ಮನ್ನು ಕೇಳಿದ್ದಾನೆ. ಮಹಾಮಾಯೆ ನಿಮ್ಮನ್ನೂ ನಿಮ್ಮ ಹಡಗನ್ನೂ ಕಾಯಲಿ.

ನಿಮ್ಮ
ಗೋದಾವರಿ

ತಾ.ಕ.: ಗಣೇಶ ಬೈಕು ನಿಲ್ಲಿಸಿಕೊಂಡು ಹಾರ್ನ್ ಹೊಡೆಯುತ್ತಿದ್ದಾನೆ, ಆದರೂ ಇದನ್ನು ಬರೆಯದೆ ಕಾಗದ ಮುಚ್ಚಲಾರೆ. ಮಗಳ ಮುಖ ಬೆಳ್ಳಗಾಗಲಿ ಎಂದು ನೀವು ಕಳಿಸಿದ ಆ ಆರು ಡಬ್ಬಿ ಕ್ರೀಮನ್ನು ಬಚ್ಚಲಿಗೆ ಸುರಿದೆ. ಡಬ್ಬಿ ಒಳ್ಳೆಯವು, ಸ್ಕ್ರೂ, ಕ್ಲಿಪ್ಪು, ಫ್ಯೂಸ್ ವೈರು ಹಾಕಿಟ್ಟಿದ್ದೇನೆ. ಮತ್ತೆ ಹೊರಗಿನ ಕೋಣೆಯ ನಮ್ಮ ಮದುವೆ ಫೋಟೋ ಇಳಿಸಿದ್ದೇನೆ. ನೆನಪಿದೆಯಾ, ಇಪ್ಪತ್ತೇಳು ವರ್ಷದ ಹಿಂದೆ ಬಾಸಿಂಗ ಕಟ್ಟುವ ಮೊದಲು ನೀವೇ ಏಣಿ ಹತ್ತಿ ನನ್ನ ಕುರ್ಚಿಯ ಎದುರು ಎರಡು ಹ್ಯಾಲೋಜನ್ ಕಟ್ಟಿ, ಮೇಲೆ ಗುಲಾಬಿ ಜಿಲೆಟಿನ್ ಪೇಪರ್ ಸುತ್ತಿದ್ದಿರಿ. ನನಗೆ ಉಪಕಾರ ಮಾಡುತ್ತಿದ್ದೇನೆ ಎಂದೇ ತಿಳಿದಿದ್ದಿರಿ. ಅಮಿತಾ ಮೂರು ವರ್ಷದವಳಿದ್ದಾಗ ಆ ಫೋಟೋ ತೋರಿಸಿ, ಪಪ್ಪನ ಹತ್ತಿರ ಕೂತವರು ಯಾರು ಎಂದು ಕೇಳಿದ್ದಳು. ನೀವು ನಕ್ಕಿರಿ. ನಾನೂ ನಕ್ಕೆ. ಅಂದು ನಾನು ನಗಬಾರದಿತ್ತು. ಆರತಕ್ಷತೆಯ ಆ ಹಳದಿ ಲೈಟು ಎರಡನ್ನೂ ಯಾರಿಗೂ ಕೊಡದೆ ಮನೆಯಲ್ಲೇ ಇಟ್ಟಿದ್ದೇನೆ. ನೀವು ಬಂದ ದಿನ ಸಂಜೆ ಹೊಸ ಫೋಟೋಗೆ ನನ್ನ ಪಕ್ಕದಲ್ಲಿ ಕೂರಬೇಕು, ಸ್ವಿಚ್ಚು ರಾಮಾ ಹಾಕುತ್ತಾನೆ. ಗೋಡೆಯ ಮೊಳೆ ಕಿತ್ತಿಲ್ಲ.