ಒಳಗೆ ದರ್ಜಿ ಇರುವ ಅಂಗಡಿ

ಮನೆಯಿಂದ,
ಹನ್ನೆರಡನೇ ತಾರೀಖು, ಗುರುವಾರ

ನನ್ನ ಸೊಸೆಗೆ, ನಿನ್ನ ಅತ್ತೆಯ ಆಶೀರ್ವಾದ.

ಬರೆಯುತ್ತಿರುವವಳು ಈ ಮನೆಯ ಯಜಮಾನಿ. ಹೈಸ್ಕೂಲು ಮುಗಿಸಿದ್ದೇನೆ, ಮೂರು ಮಕ್ಕಳ ಮದುವೆ ಮಾಡಿದ್ದೇನೆ, ನಾನು ಹೂಂ ಅನ್ನದೆ ಇಲ್ಲಿ ಒಂದು ಕುರ್ಚಿಯೂ ಜಾಗ ಬದಲಿಸಿಲ್ಲ. ಇದನ್ನು ಮೊದಲೇ ಹೇಳುವುದು ಯಾಕೆಂದರೆ, ಮುಂದೆ ಬರೆಯುವುದನ್ನು ಓದಿ ಅತ್ತೆ ಮೆತ್ತಗಾದಳು ಎಂದು ನೀನು ತಿಳಿಯಬಾರದು. ನಿನ್ನ ಕೆಮ್ಮು ಹೇಗಿದೆ? ಪ್ರಯೋಗಾಲಯದ ತರಬೇತಿಗೆಂದು ಹೋದವಳು ಔಷಧಿಯ ವಾಸನೆ ಕುಡಿದು ಕಾಯಿಲೆ ಬೀಳಬೇಡ. ಹಾಸ್ಟೆಲಿನಲ್ಲಿ ಬಿಸಿನೀರು ಕೊಡದಿದ್ದರೆ ಕೇಳು. ಕೇಳದೆ ಸುಮ್ಮನಿರುವುದು ನಿನ್ನ ಹಳೇ ಚಾಳಿ. ನಿನ್ನ ಮಗಳು ಚೆನ್ನಾಗಿದ್ದಾಳೆ, ನನ್ನ ಕನ್ನಡಕ ಚೆನ್ನಾಗಿಲ್ಲ, ಇವೆರಡಕ್ಕೂ ಸಂಬಂಧವಿದೆ.

ನೀನು ಹೊರಡುವ ಹಿಂದಿನ ಭಾನುವಾರ ಊಟಕ್ಕೆ ಕೂತಾಗ ನಡೆದದ್ದನ್ನು ನೀನು ಮರೆತಿರಲಿಕ್ಕಿಲ್ಲ. ನಿನ್ನ ಮಾವ ಬಿಟ್ಟುಹೋದ ಗಂಟು ಒಂದೇ. ಅದರಲ್ಲಿ ಒಂದೇ ಆಸ್ತಿ ಬರುತ್ತದೆ, ಎಡವಿದರೆ ಇನ್ನೊಂದು ಗಂಟಿಲ್ಲ. ನಿನ್ನ ಗಂಡ ಊರಾಚೆಯ ಸೈಟು ಎಂದ. ನೀನು ಬಸ್‌ ನಿಲ್ದಾಣದ ಹಿಂದಿನ ಬೀದಿಯ ಪುಟ್ಟ ಅಂಗಡಿ ಎಂದೆ. ಹತ್ತೊಂಬತ್ತು ವರ್ಷದಿಂದ ಒಬ್ಬ ದರ್ಜಿ ಬಾಡಿಗೆಗಿರುವ ಅಂಗಡಿ. ಆಗ ಎಲ್ಲರೆದುರು, “ಬಾಡಿಗೆಯವನ ಸಮೇತ ಅಂಗಡಿ ಕೊಳ್ಳೋದು ಸವತಿ ಸಮೇತ ಗಂಡನ್ನ ಕಟ್ಟಿಕೊಂಡ ಹಾಗೆ ಕಣೇ” ಎಂದವಳು ನಾನು. ಎಲ್ಲರೂ ನಕ್ಕರು. ನೀನು ತಟ್ಟೆ ಎತ್ತಿಕೊಂಡು ಒಳಗೆ ಹೋದೆ. ಹೊರಡುವ ದಿನವೂ ನನ್ನ ಮುಖ ನೋಡದೆ ಗಾಡಿ ಹತ್ತಿದೆ.

ಸೈಟು ನೋಡಲು ನಾನೂ ಹೋದೆ. ದೊಡ್ಡದೊಂದು ಕಮಾನಿಗೆ ಬಣ್ಣ ಬಳಿದಿದ್ದಾರೆ. ಅದನ್ನು ದಾಟಿದರೆ ರಸ್ತೆ ಮುಗಿಯಿತು. ನಕ್ಷೆಯಲ್ಲಿ ಹಸಿರು ಬಳಿದು ಉದ್ಯಾನ ಎಂದು ಬರೆದ ಕಡೆ ಮಣ್ಣು ತೆಗೆದ ಹೊಂಡ, ಅದರೊಳಗೆ ಒಡೆದ ಕಮೋಡು. ದಲ್ಲಾಳಿ ನನಗೆ ಕೊಡೆ ಹಿಡಿದು, “ಮುಂದೆ ಇಲ್ಲಿ ಆಸ್ಪತ್ರೆ ಬರುತ್ತಮ್ಮ, ಶಾಲೆ ಬರುತ್ತೆ, ಬಸ್ಸು ಬರುತ್ತೆ” ಎಂದು ಒಂದೇ ಸಮನೆ ಹೇಳಿದ. “ಬಾಡಿಗೆ ಯಾವಾಗ ಬರುತ್ತಪ್ಪ?” ಎಂದೆ. “ಬರೀ ನೆಲಕ್ಕೆ ಯಾರಮ್ಮ ಬಾಡಿಗೆ ಕೊಡ್ತಾರೆ!” ಎಂದು ನಕ್ಕ. ನಾನು ನಗಲಿಲ್ಲ. ನಿನ್ನ ಗಂಡ ಚಪ್ಪಲಿಗೆ ಚುಚ್ಚಿಕೊಂಡ ಮುಳ್ಳು ಕೀಳುತ್ತ ನಿಂತಿದ್ದ.

ಮಾರನೆಯ ದಿನ ದಿಂಬಿನ ಗವಸು ಹೊಲಿಸುವ ನೆಪ ಮಾಡಿಕೊಂಡು ದರ್ಜಿಯ ಬೆಂಚಿನ ಮೇಲೆ ಎರಡು ಗಂಟೆ ಕೂತೆ. ಮಿಷನ್ನು ನಿಲ್ಲಲಿಲ್ಲ, ಜನ ಬರುವುದೂ ನಿಲ್ಲಲಿಲ್ಲ. ಸೋರುವ ಮೂಲೆಗೆ ಅವನೇ ಸಿಮೆಂಟು ಬಳಿಸಿದ್ದಾನೆ, ಷಟರಿಗೆ ಅವನೇ ಎಣ್ಣೆ ಹಾಕುತ್ತಾನೆ. “ಇನ್ನೆಷ್ಟು ವರ್ಷ ಇಲ್ಲಿರ್ತೀಯಪ್ಪ?” ಎಂದೆ. ಅವನು ಕತ್ತರಿ ಕೆಳಗಿಟ್ಟ. “ಕೊಳ್ಳೋಕೆ ಬಂದೋರೆಲ್ಲ ಯಾವಾಗ ಖಾಲಿ ಮಾಡ್ತೀಯ ಅಂತಾರೆ. ಎಷ್ಟು ವರ್ಷ ಇರ್ತೀಯ ಅಂತ ಕೇಳಿದೋರಲ್ಲಿ ನೀವು ಎರಡನೆಯೋರು. ಮೊದಲು ಒಬ್ರು ಮೇಡಂ ಬಂದಿದ್ರು. ಮಾತು ಕಮ್ಮಿ, ಕೋಪ ಮೂಗಿನ ತುದೀಲಿ. ನಾಲ್ಕು ಸಲ ಇದೇ ಬೆಂಚಲ್ಲಿ ಕೂತಿದ್ದು, ಸಲಕ್ಕೊಂದು ಚೀಲ ಹೊಲಿಸಿಕೊಂಡು ಹೋದ್ರು” ಎಂದ. ಆ ನಾಲ್ಕು ಚೀಲ ನಮ್ಮ ಅಡುಗೆಮನೆಯ ಮೊಳೆಯಲ್ಲಿ ಈಗಲೂ ನೇತಾಡುತ್ತಿವೆ. ಯಾಕೆ ಈ ದಂಡದ ಖರ್ಚು ಎಂದು ಬೈದವಳೂ ನಾನೇ. ನೋಡಿ ಹೇಳಿದವಳು ನೀನು, ನೋಡದೆ ನಗಿಸಿದವಳು ನಾನು.

ಆಮೇಲೆ ನಾನು ಕೈಕಟ್ಟಿ ಕೂರಲಿಲ್ಲ. ಹಳೆಯ ಕಾಗದಗಳನ್ನೆಲ್ಲ ವಕೀಲರಿಗೆ ತೋರಿಸಿದೆ. ಕೊಂಡ ಮೇಲೂ ಐದು ವರ್ಷ ಬಾಡಿಗೆಗಿರುತ್ತೇನೆ ಎಂದು ದರ್ಜಿಯಿಂದ ಬರೆಸಿಕೊಂಡೆ. ಬೆಲೆಯ ಮಾತಿಗೆ ಬಂದ ಮಾಲೀಕನಂತೂ ಅಂಗಡಿಯೊಳಗೆ ಒಬ್ಬ ಆಸಾಮಿ ಇರುವುದೇ ದೊಡ್ಡ ಊನ ಎನ್ನುವಂತೆ ತಲೆ ತಗ್ಗಿಸಿ ಕೂತಿದ್ದ. ನಾನೂ ಮುಖ ಸಪ್ಪಗೆ ಮಾಡಿಕೊಂಡು, “ಅದೇ ಕಣಪ್ಪ ಯೋಚನೆ” ಎಂದು ನಿಟ್ಟುಸಿರು ಬಿಟ್ಟೆ. ನಿಟ್ಟುಸಿರಿಗೊಂದು ಸಲ ಬೆಲೆ ಇಳಿಯಿತು. ಮೂರನೆಯದಕ್ಕೆ ನಿನ್ನ ಗಂಡ ನಗು ತಡೆಯಲಾರದೆ ಎದ್ದು ಹೊರಗೆ ಹೋದ. ಸೋಮವಾರ ನೋಂದಣಿ ಆಯಿತು. ಅಂಗಡಿ ನಮ್ಮದು! ಸೈಟಿನ ದಲ್ಲಾಳಿ ಮಂಗಳವಾರ ಫೋನು ಮಾಡಿದ್ದ. ನಾನೇ ಎತ್ತಿದೆ, ಇನ್ನು ಮಾಡಲಾರ.

ಹೊತ್ತಿಗೆ ಸರಿಯಾಗಿ ಉಣ್ಣು. ಚೆನ್ನಾಗಿ ಕಲಿತು, ತಲೆ ಎತ್ತಿಕೊಂಡು ಮನೆಗೆ ಬಾ. ನಿನಗೆ ಒಳ್ಳೆಯದೇ ಆಗಲಿ.

ಇಂತಿ,
ನಿನ್ನ ಅತ್ತೆ

ಲಕೋಟೆ ಅಂಟಿಸುವ ಮುಂಚೆ ಇನ್ನೊಂದು ಮಾತು: ನಿನ್ನ ಪರವಾಗಿ ನಾನು ಸಹಿ ಹಾಕಬಹುದೆಂದು ನೀನು ಹೋಗುವ ಮುಂಚೆ ಬರೆದುಕೊಟ್ಟ ಅಧಿಕಾರಪತ್ರ ಸೋಮವಾರ ಉಪಯೋಗಕ್ಕೆ ಬಂತು. ಕ್ರಯಪತ್ರದಲ್ಲಿ ಕೊಂಡವರು ಇಬ್ಬರು. ಗುಮಾಸ್ತ ನನ್ನ ಹೆಸರನ್ನು ಮೇಲೆ ಬರೆದು, “ದೊಡ್ಡೋರ ಹೆಸರು ಮೊದಲಿರಬೇಕಲ್ವಾಮ್ಮ?” ಎಂದ. ಆ ಹಾಳೆ ಹರಿದುಹಾಕಿಸಿ ಮತ್ತೆ ಬರೆಸಿದೆ. ಮೊದಲು ನಿನ್ನ ಹೆಸರು, ಅದರ ಕೆಳಗೆ ನನ್ನದು, ಸಾಕ್ಷಿಯ ಸಾಲಿನಲ್ಲಿ ನಿನ್ನ ಗಂಡನದು.